ಕಂಬಳಿಯ ನಾಡಿಗೆ ಹೆಣಿಗೆ ಬಂದ ಬಗೆ

ಅರವತ್ತು ದಾಟಿದ ಗಂಡಸು ಹೊಸದಾಗಿ ಏನನ್ನಾದರೂ ಕಲಿಯುತ್ತೇನೆಂದು ಹೊರಟರೆ ಮನೆಯವರು ಮೊದಲು ನಗುತ್ತಾರೆ; ಆಮೇಲೆ ಅವನ ಆರೋಗ್ಯ ವಿಚಾರಿಸುತ್ತಾರೆ. ನನ್ನ ವಿಷಯದಲ್ಲಿ ಎರಡೂ ಆಯಿತು. ನಾನು ಕಲಿಯಲು ಹೊರಟದ್ದು ವೀಣೆಯಲ್ಲ, ವೇದಾಂತವಲ್ಲ. ಎರಡು ಕಡ್ಡಿ ಹಿಡಿದು ಉಲ್ಲನ್ ಹೆಣೆಯುವ ಕೆಲಸ. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಹೇಳಿದವನು ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕುಣಿಕೆ ಎಣಿಸುತ್ತಿದ್ದರೆ ನೋಡಿದವರು ನಗುವುದು ತಪ್ಪಲ್ಲ. ಹೆಬ್ಬೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಒಂದು ದಿನ ನನ್ನ ಕೈಯನ್ನೇ ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, “ಯಜಮಾನ್ರೆ, ಮನೇಲಿ ಹೆಂಗಸ್ರು ಇಲ್ವಾ?” ಎಂದು ಕೇಳಿಯೇ ಬಿಟ್ಟಳು.

“ಇದ್ದಾರೆ ತಾಯಿ, ಅವರಿಗೆ ಬರೋದಿಲ್ಲ” ಎಂದೆ.

ಅದು ನಿಜವೇ. ನಮ್ಮ ಮನೆತನದಲ್ಲಿ ಈ ವಿದ್ಯೆ ಬಲ್ಲವಳು ಒಬ್ಬಳೇ, ನನ್ನ ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಅವಳನ್ನು ಕೊಟ್ಟದ್ದು ಕುಣಿಗಲ್ಲಿಗೆ. ನಾನು ಕೆಲಸಕ್ಕೆಂದು ಬಂದು ನೆಲೆಸಿದ್ದು ತುಮಕೂರಿನಲ್ಲಿ. ಈ ಐವತ್ತು ವರ್ಷಗಳಲ್ಲಿ ನಮ್ಮ ಬಳಗದಲ್ಲಿ ಎಲ್ಲಿ ಮಗು ಹುಟ್ಟಲಿ, ತೊಟ್ಟಿಲಿಗೆ ಹಾಕುವ ದಿನದೊಳಗೆ ಕುಣಿಗಲ್ಲಿನಿಂದ ಒಂದು ಉಲ್ಲನ್ ಕುಲಾವಿ ಬಂದೇ ಬರುತ್ತಿತ್ತು. ಎಷ್ಟು ಕುಲಾವಿಗಳಾದವೆಂದು ಅವಳೂ ಲೆಕ್ಕ ಇಟ್ಟಿಲ್ಲ, ಹಾಕಿಸಿಕೊಂಡವರೂ ಇಟ್ಟಿಲ್ಲ. ಮೂರು ವರ್ಷಗಳ ಹಿಂದೆ ಅಕ್ಕನ ಕಣ್ಣು ಮಂಜಾಯಿತು. ಪೊರೆಯಾದರೆ ತೆಗೆಸಬಹುದಿತ್ತು; ಇದು ಕಣ್ಣಿನ ಒಳಪದರದ ಕಾಯಿಲೆ, ಹೋದ ದೃಷ್ಟಿ ಬರುವಂಥದಲ್ಲ. ಅದೇ ಸಮಯಕ್ಕೆ ನನ್ನ ಮಗಳು ತಾಯಾಗುವ ಸುದ್ದಿ ಬಂತು. “ಈ ಸಲ ಅಂಗಡಿಯಿಂದಲೇ ತನ್ನಿ” ಎಂದು ಅಕ್ಕ ಹೇಳಿ ಕಳಿಸಿದಳು. ಆ ಮಾತು ನನಗೆ ಸರಿಬೀಳಲಿಲ್ಲ. ಮರುವಾರವೇ ಕುಣಿಗಲ್ಲಿಗೆ ಹೋಗಿ, “ನನಗೆ ಹೇಳಿಕೊಡು” ಎಂದೆ. ಅವಳೂ ಮೊದಲು ನಕ್ಕಳು, ಆಮೇಲೆ, “ಬಿ.ಪಿ. ಗಿ.ಪಿ. ಏನಾದ್ರೂ ಬಂದಿದೆಯೇನೋ?” ಎಂದಳು.

ಮೊದಲ ಪಾಠದ ದಿನವೇ ಒಂದು ಪ್ರಶ್ನೆ ಎದ್ದಿತು. ಅಕ್ಕನಿಗೆ ಇದನ್ನು ಕಲಿಸಿದವರು ಅಮ್ಮನಲ್ಲ, ಅಜ್ಜಿಯಲ್ಲ. ಅವರಿಬ್ಬರಿಗೂ ಕಡ್ಡಿ ಹಿಡಿಯಲು ಬರುತ್ತಿರಲಿಲ್ಲ. ಕುರಿ ಇಲ್ಲದ ನಾಡೇ ನಮ್ಮದು? ಗುಬ್ಬಿಯ ಆಚೆಗೆ ಶಿರಾ, ಮಧುಗಿರಿ, ಪಾವಗಡದ ಕಡೆ ಹೊರಟರೆ ಕುರಿಮಂದೆಗೆ ದಾರಿ ಬಿಟ್ಟು ನಿಲ್ಲದೆ ಮುಂದೆ ಹೋಗುವಂತಿಲ್ಲ. ಉಣ್ಣೆಗೂ ಬರವಿಲ್ಲ, ಮಾಗಿಯ ಚಳಿಗೂ ಬರವಿಲ್ಲ. ಆದರೂ ನಮ್ಮ ಅಜ್ಜಿಯರೇಕೆ ಹೆಣೆಯಲಿಲ್ಲ? ಚರಿತ್ರೆ ಹೇಳಿ ಹೊಟ್ಟೆ ಹೊರೆದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡಲಾಗುವುದಿಲ್ಲ. ಕೈಯಲ್ಲಿ ಕಡ್ಡಿ ಹಿಡಿದಂತೆ ಮನಸ್ಸಿನಲ್ಲಿ ಈ ಎಳೆಯನ್ನೂ ಹಿಡಿದುಕೊಂಡೆ.

ಉತ್ತರದ ಮೊದಲ ತುಣುಕು ಕುರಿಯ ಮೈಮೇಲೆಯೇ ಇದೆ. ನಮ್ಮ ಬಯಲುಸೀಮೆಯ ಕುರಿ ದಖ್ಖನಿ ತಳಿಯದು. ಅದರ ಉಣ್ಣೆ ಒರಟು, ಗಿಡ್ಡ, ಅರ್ಧ ಕೂದಲೇ ಸರಿ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮಾತ್ರ ಮೆತ್ತಗೆ. ಕುರುಬರ ಮನೆಯ ಹೆಂಗಸರು ಅದನ್ನು ಬಿಡಿಸಿ, ಬಿಲ್ಲಿನಿಂದ ಬಡಿದು ಹಿಂಜಿ, ನೂಲುತ್ತಾರೆ. ಗಂಡಸರು ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಾರೆ. ಹುಣಸೆ ಬೀಜದ ಸರಿ ಹಚ್ಚಿ ಗಡುಸು ಮಾಡಿದ ಆ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹೊಲದಲ್ಲಿ ನೆರಳು, ಸಂತೆಯಲ್ಲಿ ಗಂಟು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಟಿಪ್ಪು ಬಿದ್ದ ಮರುವರ್ಷ, ಗವರ್ನರ್ ಜನರಲ್‌ನ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಗುಬ್ಬಿಗೂ ಬಂದಿದ್ದ. ನಮ್ಮ ಊರಿನ ಸಂತೆ, ವ್ಯಾಪಾರ ಎಂಥದೆಂದು ಅವನ ಬರಹದಲ್ಲಿದೆ. ಕುರುಬರ ಕಂಬಳಿಯ ಕಸುಬೂ ಇದೆ. ಹಳೆಯ ಗೆಜೆಟಿಯರುಗಳು ತುಮಕೂರು ಜಿಲ್ಲೆಯ ಕೈಗಾರಿಕೆ ಏನೆಂದರೆ ಮೂರೇ ಮಾತಿನಲ್ಲಿ ಮುಗಿಸುತ್ತವೆ: ಒರಟು ಹತ್ತಿ ಬಟ್ಟೆ, ಕಂಬಳಿ, ಹಗ್ಗ.

ಆ ಉಣ್ಣೆಯನ್ನು ಕಡ್ಡಿಯ ಮೇಲೆ ಏರಿಸಿ ಕುಲಾವಿ ಮಾಡಿದರೆ ಮಗುವಿನ ಹಣೆ ಕೆಂಪಾಗುವುದು ಖಂಡಿತ. ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಎಂದರೆ 1834ರಿಂದ 1861ರ ನಡುವೆ, ಹೊರದೇಶದ ಮೆರಿನೋ ಕುರಿಗಳನ್ನು ತರಿಸಿ ಮೈಸೂರಿನಲ್ಲಿ ನಯವಾದ ಉಣ್ಣೆ ಬೆಳೆಯುವ ಪ್ರಯತ್ನವೂ ನಡೆಯಿತು. ಆದರೆ ನಮ್ಮ ಬಯಲಿನ ಕುರಿ ತನ್ನ ಕರಿಯ ಒರಟು ಉಣ್ಣೆಯನ್ನು ಬಿಟ್ಟುಕೊಡಲಿಲ್ಲ. ಬೇಸಗೆಯ ಬಿಸಿಲು, ಮುಳ್ಳಿನ ಮೇವು, ಹತ್ತಾರು ಮೈಲಿಯ ನಡಿಗೆ ಇವನ್ನು ತಾಳುವ ಮೈಗೆ ಆ ಕೂದಲೇ ಸರಿ.

ಎರಡನೆಯ ತುಣುಕು ನಮ್ಮ ಉಡುಗೆಯಲ್ಲಿದೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಎಳೆಗಳು ನೂರಾರು. ಹೆಣಿಗೆಗೆ ಒಂದೇ ಎಳೆ. ಅದು ತನ್ನ ಕುಣಿಕೆಯೊಳಗೆ ತಾನೇ ನುಸುಳಿಕೊಂಡು ಬಟ್ಟೆಯಾಗುತ್ತದೆ. ನೇಯ್ದದ್ದು ಎಳೆದರೆ ಬಾರದು. ಹೆಣೆದದ್ದು ಎಳೆದಷ್ಟೂ ಬಂದು ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದಲೇ ಅದು ತಲೆ, ಕೈ, ಕಾಲುಗಳಂಥ ಉರುಟು ಅವಯವಗಳಿಗೆ ಹೇಳಿ ಮಾಡಿಸಿದ್ದು. ನಮ್ಮವರು ಸೀರೆ ಉಟ್ಟರು, ಪಂಚೆ ಉಟ್ಟರು, ಕಂಬಳಿ ಹೊದ್ದರು, ರುಮಾಲು ಸುತ್ತಿದರು. ಬಟ್ಟೆಯೇ ಮೈಗೆ ತಕ್ಕಂತೆ ಬಾಗುವಾಗ ಹಿಗ್ಗುವ ಬಟ್ಟೆಯ ಅಗತ್ಯವೇನು? ಹಾಗೆಂದು ಹೆಣೆಯುವುದು ನಮಗೆ ಹೊಸತೇನೂ ಅಲ್ಲ. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ತೆಂಗಿನ ಗರಿಯ ತಡಿಕೆ ಹೆಣೆಯುತ್ತೇವೆ. ಮಾತು ಇತ್ತು, ದಾರ, ಕಡ್ಡಿ ಆ ಮಾತಿನೊಳಕ್ಕೆ ತಡವಾಗಿ ಬಂದು ಸೇರಿದವು. ಕುಲಾವಿ ಎಂಬ ಮಾತೂ ಹಾಗೆಯೇ ದೂರದಿಂದ ಬಂದದ್ದು. ಪಾರಸಿಯಲ್ಲಿ ಕುಲಾಹ್ ಎಂದರೆ ಟೊಪ್ಪಿಗೆ.

ದಾರ ಎಲ್ಲಿಂದ ಹೊರಟಿತು? ಈಗ ಸಿಕ್ಕಿರುವ ಅತಿ ಹಳೆಯ ನಿಜವಾದ ಹೆಣಿಗೆಯ ತುಣುಕುಗಳು ಈಜಿಪ್ತಿನವು. ಸುಮಾರು 11ರಿಂದ 13ನೆಯ ಶತಮಾನದವು. ಆಶ್ಚರ್ಯವೆಂದರೆ ಅವು ಉಣ್ಣೆಯವಲ್ಲ. ನೀಲಿ, ಬಿಳಿ ಹತ್ತಿಯ ದಾರದಲ್ಲಿ ಹೆಣೆದ ಕಾಲುಚೀಲಗಳು. ಅದಕ್ಕಿಂತ ಹಿಂದಿನ, 4ನೆಯ ಶತಮಾನದ ಆಸುಪಾಸಿನ ಈಜಿಪ್ತಿನ ಕಾಲುಚೀಲಗಳೂ ಉಂಟು. ಆದರೆ ಅವು ಎರಡು ಕಡ್ಡಿಯ ಕೆಲಸವಲ್ಲ, ಒಂದೇ ಸೂಜಿಯಿಂದ ಗಂಟುಗಂಟಾಗಿ ಹೊಲಿದವು. ಅದೇ ಕಾಲದ ಈಜಿಪ್ತಿಗೆ ಗುಜರಾತಿನ ಅಚ್ಚಿನ ಬಟ್ಟೆಗಳು ಹಡಗಿನಲ್ಲಿ ಹೋಗುತ್ತಿದ್ದವು. ಕೈರೋ ಪಕ್ಕದ ಹಳೆಯ ಪಟ್ಟಣ ಫುಸ್ತಾತಿನಲ್ಲಿ ಅವುಗಳ ಚೂರುಗಳು ರಾಶಿಯಾಗಿ ಸಿಕ್ಕಿವೆ. ನಮ್ಮ ದೇಶದ ಹತ್ತಿ ಅಲ್ಲಿಗೆ ಹೋಯಿತು. ಅಲ್ಲಿನ ಕಡ್ಡಿ ಮಾತ್ರ ನಮ್ಮ ಹಳ್ಳಿಗಳಿಗೆ ಬರಲು ಇನ್ನೂ ಆರೇಳು ನೂರು ವರ್ಷ ಬೇಕಾಯಿತು.

ಆ ನಡುವೆ ಹೆಣಿಗೆ ಯೂರೋಪಿನಲ್ಲಿ ಗಂಡಸರ ಕಸುಬಾಗಿ ಬೆಳೆಯಿತು. ಈ ವಿಷಯ ಓದಿದ ದಿನ ನಾನು ಮನೆಯಲ್ಲಿ ಸ್ವಲ್ಪ ತಲೆಯೆತ್ತಿ ಓಡಾಡಿದೆನೆಂದು ಒಪ್ಪಿಕೊಳ್ಳಬೇಕು. ಹೆಣೆಯುವವರ ಸಂಘಗಳಿದ್ದವು, ಹುಡುಗರು ವರ್ಷಗಟ್ಟಲೆ ಗುರುವಿನ ಕೈಕೆಳಗೆ ಉಮೇದುವಾರಿ ಮಾಡಬೇಕಿತ್ತು, ಸ್ಟ್ರಾಸ್‌ಬರ್ಗಿನಂಥ ಊರುಗಳಲ್ಲಿ ಹೂಬಳ್ಳಿಗಳ ದೊಡ್ಡ ಜಮಖಾನೆಯೊಂದನ್ನು ಹೆಣೆದು ತೋರಿಸಿದ ಮೇಲೆಯೇ ಅವನು ಗುರುವೆನಿಸುತ್ತಿದ್ದ. ಉಲ್ಟಾ ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಒಂದು ಟೊಲೇಡೋದ ಎಲಿಯನೋರಾ ಎಂಬ ಇಟಲಿಯ ಡ್ಯೂಕನ ಹೆಂಡತಿಯ ರೇಷ್ಮೆ ಕಾಲುಚೀಲ. 1562ರಲ್ಲಿ ಅವಳನ್ನು ಅದರೊಡನೆಯೇ ಹೂಳಿದ್ದರು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನೇ ಮಾಡಿದ. ಯಂತ್ರ ಬಂದ ಮೇಲೆ ಕಸುಬು ಗಂಡಸರ ಕೈಯಿಂದ ಮೆಲ್ಲನೆ ಜಾರಿತು. ಕೈಹೆಣಿಗೆ ಬಡವರ ಮನೆಯಲ್ಲಿ ಹೊಟ್ಟೆಪಾಡಾಗಿ, ಉಳ್ಳವರ ಮನೆಯಲ್ಲಿ ಹೆಂಗಸರ ಹವ್ಯಾಸವಾಗಿ ಉಳಿಯಿತು. ನಮ್ಮ ದೇಶಕ್ಕೆ ಬಂದದ್ದು ಈ ಎರಡನೆಯ ಅವಸ್ಥೆಯಲ್ಲಿ, ಪಾದ್ರಿಗಳ ಹೆಂಡತಿಯರ ಕೈಚೀಲದಲ್ಲಿ.

ಗುಬ್ಬಿ ಎಂದೊಡನೆ ಓದುಗರಿಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುವುದು ಸಹಜ. ಆದರೆ ಆ ಕಂಪನಿ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಗುಬ್ಬಿಯ ಹೆಸರು ಲಂಡನ್ನಿನ ಸಭೆಗಳಲ್ಲಿ ಕೇಳಿಬರುತ್ತಿತ್ತು. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೇಂದ್ರ ತೆರೆದ. ಮುಂದೆ ಇಂಗ್ಲಿಷರಿಗಾಗಿ ಕನ್ನಡ ವ್ಯಾಕರಣ ಬರೆದವನು ಇವನೇ. 1839ರಲ್ಲಿ ಇಪ್ಪತ್ತರ ಹುಡುಗ ವಿಲಿಯಂ ಆರ್ಥರ್ ಅವನನ್ನು ಕೂಡಿಕೊಂಡ. ಎರಡು ವರ್ಷವೂ ನಿಲ್ಲಲಾಗಲಿಲ್ಲ. ಕಣ್ಣು ಕೆಟ್ಟು 1841ರಲ್ಲಿ ಊರಿಗೆ ಮರಳಿದ. 1847ರಲ್ಲಿ ಅವನು ಬರೆದ ಮೈಸೂರಿನ ಮಿಷನ್ ಕುರಿತ ಪುಸ್ತಕದಲ್ಲಿ ನಮ್ಮ ಗುಬ್ಬಿ ಬೇರೆಯದೇ ಕಾಗುಣಿತದಲ್ಲಿ ಪುಟಪುಟಕ್ಕೂ ಬರುತ್ತದೆ. ಕಣ್ಣು ಕಳೆದುಕೊಂಡವನು ನೆನಪಿನಿಂದ ಕಟ್ಟಿದ ಊರು ಅದು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಪಾಪ, ಎಷ್ಟು ವರ್ಷವೋ ಅವನಿಗೆ ಆಗ?” ಎಂದು ಎರಡನೆಯ ಸಲ ಕೇಳಿದಳು.

ಗುಬ್ಬಿಯಿಂದ ಆ ಕೆಲಸ ತುಮಕೂರಿಗೂ ಕುಣಿಗಲ್ಲಿಗೂ ಹರಡಿತು. ಪಾದ್ರಿಗಳು ಹುಡುಗರಿಗೆ ಪಾಠ ಹೇಳಿದರೆ ಅವರ ಹೆಂಡತಿಯರು ಹುಡುಗಿಯರನ್ನು ಕೂಡಿಸಲು ಯತ್ನಿಸುತ್ತಿದ್ದರು. ಬೆಂಗಳೂರಿನಲ್ಲಿ 1840ರ ದಶಕದಲ್ಲಿ ಲಂಡನ್ ಮಿಷನ್ನಿನ ಶ್ರೀಮತಿ ಸೀವೆಲ್ ಮತ್ತು ಶ್ರೀಮತಿ ರೈಸ್ ಕನ್ನಡ ಹುಡುಗಿಯರಿಗಾಗಿ ಶಾಲೆ ನಡೆಸಿದರು. ಈ ಶ್ರೀಮತಿ ರೈಸ್ ನಮ್ಮ ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸರ ತಾಯಿ. ದಕ್ಷಿಣದ ನಾಗರಕೋಯಿಲಿನಲ್ಲಿ 1820ರ ಸುಮಾರಿಗೇ ಶ್ರೀಮತಿ ಮಾಲ್ಟ್ ಲೇಸ್ ಕೆಲಸ ಕಲಿಸತೊಡಗಿದ್ದರು. ಎಲ್ಲಿ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯೋ ಅಲ್ಲಿ ಓದು ಬರಹದ ಜೊತೆಗೆ ಸೂಜಿಯ ಕೆಲಸವೂ ಉಂಟು ಎಂಬುದು ಕ್ರಮವೇ ಆಗಿಹೋಯಿತು. ಅಕ್ಷರಕ್ಕಾಗಿ ಮಗಳನ್ನು ಕಳಿಸದ ತಂದೆ ಹೊಲಿಗೆಗಾಗಿ ಕಳಿಸಿಯಾನು ಎಂಬ ಲೆಕ್ಕ ಅದರಲ್ಲಿತ್ತು. ಸೂಜಿಯನ್ನು ತೋರಿಸಿ ಶಿಲುಬೆ ಕೊಡುತ್ತಾರೆಂಬ ಅಳುಕು ಊರಿನವರಲ್ಲಿತ್ತು. ಎರಡೂ ಸುಳ್ಳಲ್ಲ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಶಾಲೆಯನ್ನು ತೆರೆದು, ಧರ್ಮದ ಅಳುಕಿಲ್ಲದೆ ಮೇಲ್ಜಾತಿಯವರೂ ಹೆಣ್ಣುಮಕ್ಕಳನ್ನು ಕಳಿಸುವಂತೆ ಮಾಡಿದ ಮೇಲೆ, ಸೂಜಿಯ ಕೆಲಸ ಸರ್ಕಾರಿ ಶಾಲೆಗಳ ಪಾಠಪಟ್ಟಿಗೂ ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ ವರ್ಷ ಬೆಂಗಳೂರಿನ ಉಣ್ಣೆ ಗಿರಣಿ ಹುಟ್ಟಿತು. ನಮ್ಮ ಹಿರಿಯರ ಬಾಯಲ್ಲಿ ಅದು ಬಿನ್ನಿ ಮಿಲ್ಲು. ಕಾನ್ಪುರ, ಧಾರಿವಾಲದ ಗಿರಣಿಗಳ ಮೆತ್ತನೆಯ ಉಲ್ಲನ್ ಉಂಡೆಗಳು ಪೇಟೆಯ ಅಂಗಡಿಗೆ ಬರಲು ಇನ್ನು ತಡೆಯೇನಿರಲಿಲ್ಲ.

ಇಷ್ಟಾದರೂ ಹೆಣಿಗೆಯನ್ನು ಮನೆಮನೆಗೆ ಮುಟ್ಟಿಸಿದ್ದು ಶಾಲೆಗಿಂತ ಹೆಚ್ಚಾಗಿ ಯುದ್ಧ. ಮಾಗಿಯಲ್ಲಿ ಅಮಾನಿಕೆರೆಯ ಏರಿಯ ಮೇಲೆ ವಾಯುವಿಹಾರಕ್ಕೆ ಬರುವ ನನ್ನ ಓರಗೆಯವರ ಉಡುಪನ್ನು ನೋಡಿ. ಮಂಕಿ ಕ್ಯಾಪಿನ ಮೂಲ ಹೆಸರು ಬಾಲಾಕ್ಲಾವ. ಅದು ಕ್ರಿಮಿಯಾದ ಒಂದು ಊರು. 1854ರ ಅಕ್ಟೋಬರಿನಲ್ಲಿ ಅಲ್ಲಿ ಇಂಗ್ಲಿಷರಿಗೂ ರಷ್ಯನ್ನರಿಗೂ ಯುದ್ಧವಾಯಿತು. ಚಳಿಗೆ ಸಿಕ್ಕಿದ ಸಿಪಾಯಿಗಳಿಗೆಂದು ಇಂಗ್ಲೆಂಡಿನ ಹೆಂಗಸರು ಹೆಣೆದು ಕಳಿಸಿದ ಉಡುಪಿನಿಂದ ಆ ಟೊಪ್ಪಿಗೆಗೆ ಮುಂದೆ ಆ ಹೆಸರು ಬಂತು. ಎದುರಿನಲ್ಲಿ ಗುಂಡಿಯಿರುವ ಕಾರ್ಡಿಗನ್ನಿಗೆ ಹೆಸರು ಕೊಟ್ಟವನು ಅದೇ ಕಾಳಗದಲ್ಲಿ ಕುದುರೆ ಪಡೆ ನಡೆಸಿದ ಪ್ರಭು. ರಾಗ್ಲನ್ ತೋಳಿಗೆ ಹೆಸರು ಕೊಟ್ಟವನು ಅವನ ಮೇಲಿನ ದಂಡನಾಯಕ, 1815ರಲ್ಲಿ ವಾಟರ್‌ಲೂವಿನಲ್ಲಿ ಒಂದು ಕೈ ಕಳೆದುಕೊಂಡವನು. 1914ರಲ್ಲಿ ರಾಣಿ ಮೇರಿ ಸಾಮ್ರಾಜ್ಯದ ಹೆಂಗಸರಿಗೆ ಕರೆ ಕೊಟ್ಟು ಸಿಪಾಯಿಗಳಿಗಾಗಿ 3 ಲಕ್ಷ ಜೊತೆ ಕಾಲುಚೀಲ ಕೇಳಿದಳು. ಆ ಯುದ್ಧಕ್ಕೆ ನಮ್ಮವರೂ ಹೋಗಿದ್ದರು. ಮೈಸೂರು ಸಂಸ್ಥಾನದ ಸಿಲ್ಲೇದಾರ್ ಪಡೆಗೆ ಕುದುರೆ ಸಾಕುತ್ತಿದ್ದ ಊರು ಕುಣಿಗಲ್. ಅಕ್ಕನ ಮನೆಗೆ ಹೋಗುವಾಗಲೆಲ್ಲ ನಾನು ಆ ಕುದುರೆ ಫಾರಮ್ಮಿನ ಬೇಲಿಯನ್ನು ನೋಡುತ್ತ ಮೈಸೂರು ಲಾನ್ಸರ್ ಪಡೆಯವರನ್ನು ನೆನೆಯುತ್ತೇನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಕೂಡಿ ಗೆದ್ದವರು ಅವರು.

ಇನ್ನೊಂದು ಯುದ್ಧ ನಮ್ಮ ಮನೆಯದೇ.

ಅಕ್ಕ ಗುಬ್ಬಿಯ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದಾಗ ಅಲ್ಲಿ ಹೊಲಿಗೆ ಹೇಳಿಕೊಡುವ ಟೀಚರಮ್ಮ ಒಬ್ಬರಿದ್ದರು. ಬಿಳಿ ಸೀರೆ, ಕೊರಳಲ್ಲಿ ಕರಿ ದಾರಕ್ಕೆ ಪೋಣಿಸಿದ ಸಣ್ಣ ಶಿಲುಬೆ. ಕಡ್ಡಿ ಕೊಳ್ಳಲು ದುಡ್ಡಿಲ್ಲದ ಹುಡುಗಿಯರಿಗೆ ಅವರು ಸೈಕಲ್ಲಿನ ಕಡ್ಡಿಗಳನ್ನು ಕಲ್ಲಿನ ಮೇಲೆ ಉಜ್ಜಿ ಚೂಪು ಮಾಡಿ ಕೊಡುತ್ತಿದ್ದರಂತೆ. ಅಕ್ಕ ಕಲಿತದ್ದು ಅಂಥ ಎರಡು ಕಡ್ಡಿಗಳಲ್ಲಿ. ಮನೆಯಲ್ಲಿ ಅಜ್ಜಿ ಮಡಿಹೆಂಗಸು. ಕಿರಿಸ್ತಾನದವರ ಕೈಯಿಂದ ಬಂದ ವಿದ್ಯೆ ಎಂದು ಮೊದಲ ದಿನ ರೇಗಿದರು. ಆದರೆ ಅಜ್ಜಿಯ ಶಾಸ್ತ್ರವೇ ಅಜ್ಜಿಗೆ ಅಡ್ಡ ಬಂತು: ಉಣ್ಣೆಗೆ ಮೈಲಿಗೆಯಿಲ್ಲ. ಧಾಬಳಿ ಉಟ್ಟುಕೊಂಡೇ ಅವರು ಅಡಿಗೆ ಮಾಡುತ್ತಿದ್ದದ್ದು. ಯಾರು ಮುಟ್ಟಿದರೂ ಉಣ್ಣೆ ಮಡಿಯೇ ಎಂದಮೇಲೆ, ಯಾರು ಕಲಿಸಿದರೆ ತಾನೆ ಏನು? ಹೀಗೆ ವಾದ ಮಾಡಿದವರು ನಮ್ಮ ಅಮ್ಮ. ನಮ್ಮ ಮನೆಯ ಚರಿತ್ರೆಯಲ್ಲಿ ಅಮ್ಮ ಅತ್ತೆಯ ಎದುರು ಗೆದ್ದ ವಾದ ಇದೊಂದೇ ಎಂದು ಅಕ್ಕ ಹೇಳುತ್ತಾಳೆ.

1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿತು. ಹಿಮಾಲಯದ ಮೇಲೆ ನಮ್ಮ ಜವಾನರಿಗೆ ಸರಿಯಾದ ಬೆಚ್ಚನೆಯ ಬಟ್ಟೆಯಿಲ್ಲವೆಂಬ ಸುದ್ದಿ ಊರೂರಿಗೆ ಮುಟ್ಟಿತು. ಹೆಂಗಸರು ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಕಡ್ಡಿ ಹಿಡಿಯಬಲ್ಲವರು ದೇಶದ ಉದ್ದಕ್ಕೂ ಸ್ವೆಟರು, ಮಫ್ಲರು ಹೆಣೆದರು. ಟೀಚರಮ್ಮ ತಮ್ಮ ಹುಡುಗಿಯರಿಗೂ ಉಲ್ಲನ್ ಹಂಚಿದರು. ಅಕ್ಕನಿಗೆ ಆಗ ಹದಿನಾಲ್ಕು. ರಾತ್ರಿ ಲಾಟೀನಿನ ಬೆಳಕಿನಲ್ಲಿ ಕೂತು ಅವಳು ಹಸುರು ಮಫ್ಲರೊಂದನ್ನು ಹೆಣೆದಳು. ಅದು ಅವಳು ಪೂರ್ತಿ ಮಾಡಿದ ಮೊದಲ ಕೆಲಸ. ಮುಗಿಯುವ ಹೊತ್ತಿಗೆ ನವೆಂಬರ್ 21, ಯುದ್ಧವೇ ನಿಂತಿತ್ತು. ಆದರೂ ಗಂಟು ಕಟ್ಟಿ ಕಳಿಸಿದರು. ಅದು ಯಾವ ಬೆಟ್ಟ ಹತ್ತಿತೋ, ಯಾರ ಕೊರಳಿಗೆ ಬಿತ್ತೋ ತಿಳಿಯದು. “ನಡೂಮಧ್ಯೆ ಒಂದು ಕುಣಿಕೆ ಜಾರಿಹೋಗಿತ್ತು ಕಣೋ, ಗಮನಿಸಿರಲಿಲ್ಲ. ಅಲ್ಲಿಂದ ಬಿಟ್ಕೊಂಡಿದ್ರೆ ಅವನು ಏನು ಮಾಡಿದ್ನೋ” ಎಂದು ಆರು ದಶಕಗಳಾದ ಮೇಲೂ ಅವಳಿಗೆ ಚಿಂತೆ.

ಮರುವರ್ಷ ಪರೀಕ್ಷೆ ಮುಗಿದ ಮೇಲೆ ಅಕ್ಕನನ್ನು ಶಾಲೆ ಬಿಡಿಸಿದರು. ಯಾರೂ ಜಗಳವಾಡಲಿಲ್ಲ, ಅತ್ತದ್ದೂ ನನಗೆ ನೆನಪಿಲ್ಲ. ಆಗಿನ ಕಾಲಕ್ಕೆ ಅದು ಸುದ್ದಿಯೇ ಅಲ್ಲ. ಅದೇ ಬೇಸಗೆ ಕಳೆದ ಮೇಲೆ ನನ್ನನ್ನು ಶಾಲೆಗೆ ಸೇರಿಸಿದರು. ಅವಳ ಸ್ಲೇಟಿಗೆ ಹೊಸ ಚೌಕಟ್ಟು ಹಾಕಿಸಿ ನನಗೆ ಕೊಟ್ಟರು. ನಾನು ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ. ಹಾಸ್ಟೆಲ್ಲಿನ ಚಳಿಗೆಂದು ಅಕ್ಕ ಬೂದುಬಣ್ಣದ ಸ್ವೆಟರು ಹೆಣೆದು ಕಳಿಸಿದ್ದಳು. ಅದನ್ನು ತೊಟ್ಟುಕೊಂಡೇ ನಾನು ಸ್ತ್ರೀಶಿಕ್ಷಣದ ಚರಿತ್ರೆಯ ಪ್ರಶ್ನೆಗೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಆ ಉತ್ತರದಲ್ಲಿ ಅಕ್ಕ ಇರಲಿಲ್ಲ, ಟೀಚರಮ್ಮನೂ ಇರಲಿಲ್ಲ. ಈ ಮಾತು ನನಗೆ ಹೊಳೆಯಲು ನಿವೃತ್ತಿಯಾಗಿ, ಕೈಯಲ್ಲಿ ಕಡ್ಡಿ ಹಿಡಿಯಬೇಕಾಯಿತು.

ಇನ್ನು ನನ್ನ ಕಲಿಕೆಯ ಕಥೆ. ಮೊದಲನೆಯದಾಗಿ, ಕಡ್ಡಿಯ ನಂಬರು ಹೆಚ್ಚಿದಷ್ಟೂ ಕಡ್ಡಿ ಸಪೂರ ಎಂಬುದೇ ನನಗೆ ತಿಳಿದಿರಲಿಲ್ಲ. ದೊಡ್ಡ ನಂಬರು ಸುಲಭವಿದ್ದೀತೆಂದು 12ರ ಕಡ್ಡಿ ತಂದೆ. ಅಕ್ಕ ಬೆರಳಲ್ಲಿ ಉರುಳಿಸಿ ನೋಡಿ, “ಇದು ಕಲಿತವರಿಗೆ, ನಿಂಗೆ 8 ಸಾಕು” ಎಂದಳು. ಹೊಸಬರೆಲ್ಲರಂತೆ ನಾನೂ ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೆ. ಎರಡನೆಯ ಸಾಲಿನಲ್ಲಿ ಕಡ್ಡಿಯ ಮೊನೆ ಕುಣಿಕೆಯೊಳಗೆ ನುಗ್ಗುತ್ತಲೇ ಇರಲಿಲ್ಲ. ಇಪ್ಪತ್ತು ಕುಣಿಕೆಯಲ್ಲಿ ಶುರುಮಾಡಿದ್ದು ಹತ್ತು ಸಾಲಿಗೆ ಇಪ್ಪತ್ತಾರಾಗುತ್ತಿತ್ತು. ಬೇಕಿಲ್ಲದ ಕಡೆ ದಾರ ಮುಂದೆ ಬಂದು ತಾನೇ ಒಂದು ಕುಣಿಕೆಯಾಗಿ ಕೂತುಬಿಡುತ್ತದೆ. ಎಲ್ಲ ಸರಿಯಾಯಿತೆಂದು ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಹೆಣೆದರೆ, ಅಂಚು ವೀಳ್ಯದೆಲೆಯಂತೆ ಸುರುಳಿಕೊಂಡಿತು. ಅದು ನನ್ನ ತಪ್ಪಲ್ಲ, ಆ ಹೆಣಿಗೆಯ ಸ್ವಭಾವವೇ ಅದು; ಅಂಚಿಗೆ ಬೇರೆ ಕಟ್ಟು ಹಾಕಬೇಕು ಎಂದು ತಿಳಿದದ್ದು ಆಮೇಲೆ.

ಮೂರು ಸಲ ಬಿಟ್ಟೆ. ಮೊದಲ ಸಲ ಬೇಸರಕ್ಕೆ, ಎರಡನೆಯ ಸಲ ನಾಚಿಕೆಗೆ. ಮೂರನೆಯ ಸಲ ಮಾತ್ರ ನಿಜವಾಗಿ ಬಿಟ್ಟೆ. ಹದಿನೈದು ದಿನದ ಕೆಲಸವನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿ ಸಾಲುಸಾಲಾಗಿ ಹೆಬ್ಬೆರಳಿನಿಂದ ತಡವುತ್ತ ಹೋಗಿ ಒಂದು ಕಡೆ ನಿಂತಳು. “ಇಲ್ಲಿ ಸೀದಾ ಆಗಬೇಕಾದ್ದು ಉಲ್ಟಾ ಆಗಿದೆ. ಬಿಚ್ಚು” ಎಂದಳು. ಕೆಳಗಿನಿಂದ ಆರನೆಯ ಸಾಲು ಅದು! ಕಣ್ಣಿದ್ದ ನನಗೆ ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. “ಯಾರು ನೋಡ್ತಾರೆ, ಬಿಡು” ಎಂದೆ. ಅವಳು ಸಿಟ್ಟಾಗಲಿಲ್ಲ. “ಬಿಚ್ಚೋದಕ್ಕೆ ಬರುತ್ತೆ ಅನ್ನೋದೇ ಇದರ ಗುಣ ಕಣೋ ಪುಟ್ಟ. ಬಟ್ಟೆ ಕತ್ತರಿಸಿದ್ರೆ ಹೋಯ್ತು. ಅಡಿಗೆ ಸೀದ್ರೆ ಹೋಯ್ತು. ಇದು ಬಿಚ್ಚಿದ್ರೆ ಮತ್ತೆ ದಾರವೇ. ನಂಗೆ ಬೇರೆ ಯಾವುದ್ರಲ್ಲೂ ಹಾಗೆ ಆಗ್ಲಿಲ್ಲ” ಎಂದಳು. ಅಷ್ಟು ಹೇಳಿ ಕಾಫಿಗೆ ನೀರಿಡಲು ಒಳಗೆ ಹೋದಳು. ನಾನು ಕೂತು ಬಿಚ್ಚಿದೆ.

ಅಲ್ಲಿಂದ ಮುಂದೆ ಬಿಡಲಿಲ್ಲ. ದಿನಕ್ಕೆ ನಾಲ್ಕು ಸಾಲು ಎಂದು ಗೊತ್ತುಮಾಡಿಕೊಂಡೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದು ದಿನ, ಯಾವ ದಿನವೆಂದು ಹೇಳಲಾರೆ, ಬಸ್ಸು ಹೆಬ್ಬೂರು ದಾಟಿದ್ದೇ ನನಗೆ ಗೊತ್ತಾಗಲಿಲ್ಲ; ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಈಜು ಬಂದ ದಿನ ಹುಡುಗನಿಗೆ ಆಗುವ ಸಂತೋಷ ಅರವತ್ತಾರರಲ್ಲಿ ಆಯಿತೆಂದರೆ ಓದುಗರು ನಂಬಬೇಕು.

ಮೊಮ್ಮಗಳ ಕುಲಾವಿ ಅವಳ ನಾಮಕರಣಕ್ಕೆ ಆಗಲಿಲ್ಲ. ಐದು ತಿಂಗಳು ತುಂಬಿದ ಮೇಲೆ ಆಯಿತು. 72 ಕುಣಿಕೆ, 10ರ ಕಡ್ಡಿ, ಹಳದಿ ಬಣ್ಣ. ಅಂಗಡಿಯಲ್ಲಿ ಅದಕ್ಕಿಂತ ಚೆಂದದ್ದು ಅದರ ಉಲ್ಲನ್ನಿನ ಬೆಲೆಗೇ ಸಿಗುತ್ತದೆ. ಲೂಧಿಯಾನದ ಯಂತ್ರಗಳಿವೆ, ಅಕ್ರಿಲಿಕ್ ಬಂದು ಅರ್ಧ ಶತಮಾನವಾಯಿತು, 1960ರಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನವರೂ ಚಳಿಗಾಲದಲ್ಲಿ ನಮ್ಮ ಪಟ್ಟಣಗಳಿಗೆ ಸ್ವೆಟರು ತಂದು ಮಾರುತ್ತಾರೆ. ಬಿನ್ನಿ ಮಿಲ್ಲು ಮುಚ್ಚಿಹೋಯಿತು. ಕಂಬಳಿಯ ಮಗ್ಗಗಳೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಉಣ್ಣೆ ಕೇಳುವವರಿಲ್ಲದೆ ಕುರಿಗಾರರು ಕುರಿಯನ್ನು ಮಾಂಸಕ್ಕಾಗಿಯೇ ಸಾಕುವಂತಾಗಿದೆ. ಇದೆಲ್ಲದರ ನಡುವೆ ಒಬ್ಬ ಮುದುಕ ಒಂದು ಕುಲಾವಿ ಹೆಣೆದದ್ದು ದೊಡ್ಡ ಸಂಗತಿಯಲ್ಲ.

ಆದರೆ ಆ ಕುಲಾವಿಯನ್ನು ಅಕ್ಕನ ಕೈಗೆ ಕೊಟ್ಟಾಗ ಅವಳು ಎಂದಿನಂತೆ ಹೆಬ್ಬೆರಳಿನಿಂದ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ತಡವಿದಳು. ಎರಡು ಕಡೆ ನಿಂತಳು. ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಅವಳು ಬಿಚ್ಚು ಎನ್ನಲಿಲ್ಲ, ಚೆನ್ನಾಗಿದೆ ಎಂದೂ ಹೇಳಲಿಲ್ಲ. “ಒಂದು ನೋಟ್‌ಬುಕ್ ತಗೊಂಡು ಬಾ, ನಾನು ಹೇಳ್ತೀನಿ, ನೀನು ಬರ್ಕೊ. ಟೀಚರಮ್ಮ ಹೇಳಿಕೊಟ್ಟಿದ್ದೆಲ್ಲ ನಂಗೆ ಬಾಯಲ್ಲಿದೆ” ಎಂದಳು.

ಈಗ ಭಾನುವಾರ ಭಾನುವಾರ ಅದೇ ನಡೆದಿದೆ. ಕುಣಿಗಲ್ಲಿನ ಮನೆಯ ಜಗಲಿಯ ಮೇಲೆ ಅವಳು ಕೂತು ಹೇಳುತ್ತಾಳೆ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಬರೆದುಕೊಳ್ಳುತ್ತೇನೆ. ಬೇಗ ಹೇಳಿದರೆ ತಡೆಯುತ್ತೇನೆ; ತಪ್ಪು ಬರೆದರೆ ಓದಿಸಿ ತಿದ್ದುತ್ತಾಳೆ. ನಲವತ್ತು ಪುಟಗಳಾಗಿವೆ. ಕುಲಾವಿ, ಮಫ್ಲರು, ಕೈಚೀಲ, ಕೈಯಿಲ್ಲದ ಸ್ವೆಟರು ಮುಗಿದವು. ಮೊದಲ ಪುಟದಲ್ಲಿ ಟೀಚರಮ್ಮನ ಹೆಸರು ಬರೆಯೋಣವೆಂದು ಕೇಳಿದೆ. ಅಕ್ಕ ಬಹಳ ಹೊತ್ತು ಯೋಚಿಸಿದಳು. ಹೆಸರು ಅವಳಿಗೆ ಗೊತ್ತಿರಲಿಲ್ಲ. ಹುಡುಗಿಯರೆಲ್ಲ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಹಾಗೆಯೇ ಬರೆದಿದ್ದೇನೆ.

ಮುಂದಿನ ವಾರ ಕಾಲುಚೀಲದ ಹಿಮ್ಮಡಿ. ಅದು ಕಷ್ಟವಂತೆ, ನಾಲ್ಕು ಕಡ್ಡಿ ಬೇಕಂತೆ.